ಬಾಗಿಲಿಗೆ ನಾನೇ ಹೊಣೆ

ಬಿಳಿ ಬಟ್ಟೆ ಉಟ್ಟ ಮುದಿ ಸೇನಾನಿ ಚಾಪೆಯ ಮೇಲೆ ಮಂಡಿಯೂರಿ ಕೂತ. ಎದುರಿಗೆ ಗಿಡ್ಡ ಕತ್ತಿ. ಕಾಗದದ ಬಾಗಿಲಿನಾಚೆ ಗಾಳಿ. ಪ್ರಿವ್ಯೂ ಕೋಣೆಯಲ್ಲಿದ್ದ ಮೂವತ್ತು ಚಿಲ್ಲರೆ ಜನ ಉಸಿರು ಬಿಗಿಹಿಡಿದರು. ಸೇನಾನಿ ಬಾಯಿ ತೆರೆದ. ಎರಡು ಗಂಟೆಯಿಂದ ಗುಡುಗುತ್ತಿದ್ದ ಆ ಗಂಟಲಿನಿಂದ, ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ನಂಬರ್ ಕೂಗುವಂಥ ಚಪ್ಪಟೆ ದನಿಯೊಂದು ಹೊರಟಿತು:

“ಮೂರು ಎಣಿಸಿ. ತುಟಿ ಮುಚ್ಚಿದೆ. ಈಗ. ಬಾಗಿಲಿಗೆ ನಾನೇ ಹೊಣೆ. ಸ್ವಲ್ಪ ಬೇಗ ಆಯ್ತು, ಅರ್ಧ ಸೆಕೆಂಡ್ ಎಳೀರಿ.”

ಆಮೇಲೆ ಹೊಟ್ಟೆ ಬಗೆದುಕೊಂಡ.

ಮೊದಲು ನಕ್ಕವರು ಮುಂದಿನ ಸಾಲಿನ ಜಾಹೀರಾತಿನವರು. ನಗು ಹಿಂದಿನ ಸಾಲುಗಳಿಗೆ ಹಬ್ಬುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸೇನಾನಿಯ ರಕ್ತ ಚಾಪೆಗೆ ಇಳಿಯುತ್ತಿದ್ದಾಗ ಚಾನೆಲ್ಲಿನ ದೊಡ್ಡ ಮನುಷ್ಯರೊಬ್ಬರು ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ದುಃಖಕ್ಕಲ್ಲ.

ಕೊನೆಯ ಸಾಲಿನ ಮೂಲೆಯಲ್ಲಿದ್ದ ಮೇಷ್ಟ್ರು ಮಾತ್ರ ನಗಲಿಲ್ಲ. ಆ ದನಿ ತಮ್ಮದು ಅಂತ ಗೊತ್ತಾಗುವುದಕ್ಕೇ ಅವರಿಗೆ ಒಂದು ಗಳಿಗೆ ಬೇಕಾಯಿತು, ನಮ್ಮ ಕೊಡೆಯನ್ನು ಬೇರೆಯವರ ಕೈಯಲ್ಲಿ ಕಂಡಾಗ ಬೇಕಾಗುವಷ್ಟು. ಗೊತ್ತಾದ ಮೇಲೂ ಏನೂ ಆಗಲಿಲ್ಲ. ಎದೆ ಧಸಕ್ಕೆನ್ನಬೇಕಿತ್ತು, ಕಿವಿ ಬಿಸಿಯಾಗಬೇಕಿತ್ತು. ಏನೂ ಇಲ್ಲ. ಮೂರು ವಾರದಿಂದ ಹೀಗೇ. ಹಲ್ಲು ಕೀಳುವ ಮುಂಚೆ ಡಾಕ್ಟರು ದವಡೆಗೆ ಚುಚ್ಚುತ್ತಾರಲ್ಲ, ಅಂಥದ್ದನ್ನು ಯಾರೋ ಇಡೀ ಮನುಷ್ಯನಿಗೇ ಚುಚ್ಚಿ, ಹಲ್ಲು ಕೀಳುವುದನ್ನು ಮರೆತು ಊಟಕ್ಕೆ ಹೋದಂತಿತ್ತು.

ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ಕಂಡವರ ಮಾತು ತಿದ್ದುವ ಚಟದಿಂದ ಅಂಟಿಕೊಂಡ ಹೆಸರು ಅದು. ಹೊರದೇಶದ ಸಿನಿಮಾಗಳಿಗೆ ನಮ್ಮ ಮಾತು ಕೂರಿಸುವುದು ಅವರ ಇಪ್ಪತ್ತೆರಡು ವರ್ಷದ ಕಸುಬು. ಪರದೆಯ ಮೇಲಿನವನು ಬಾಯಿ ತೆರೆದಾಗ ನಮ್ಮವನೂ ತೆರೆಯಬೇಕು. ಅವನು ತುಟಿ ಕೂಡಿಸಿದ ಕಡೆ ನಮ್ಮ ಸಾಲಿನಲ್ಲೂ ಒಂದು ಪ, ಬ, ಮ ಬೀಳಬೇಕು. ಬರೆದಾದ ಮೇಲೆ ಮೇಷ್ಟ್ರೇ ಮೈಕಿನ ಮುಂದೆ ಕೂತು ಎಲ್ಲ ಪಾತ್ರಗಳ ಮಾತನ್ನೂ ಎಣಿಕೆ ಸಮೇತ ಒಮ್ಮೆ ಓದುತ್ತಾರೆ. ಸ್ಟುಡಿಯೋದಲ್ಲಿ ಅದಕ್ಕೆ ಗೈಡ್ ಅನ್ನುತ್ತಾರೆ. ಗೈಡಿನಲ್ಲಿ ಭಾವ ಇರಕೂಡದು. ಇದ್ದರೆ ಕಲಾವಿದ ಅದನ್ನೇ ಗಿಳಿಯ ಹಾಗೆ ಒಪ್ಪಿಸಿಬಿಡುತ್ತಾನೆ. ಈ ವಿಷಯದಲ್ಲಿ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ಹೆರಿಗೆ, ಹಾದರ, ಯುದ್ಧ ಘೋಷಣೆ, ಎಲ್ಲವನ್ನೂ ಅವರು ಔಷಧಿ ಬಾಟಲಿಯ ಚೀಟಿ ಓದಿದಂತೆ ಓದುತ್ತಿದ್ದರು.

ಕಲಾವಿದರು ಬಂದು ಒಂದೊಂದೇ ಸಾಲು ಹೇಳಿದ ಹಾಗೆ ಗೈಡ್ ಅಳಿದು ಅವರ ದನಿ ಅಲ್ಲಿ ಕೂರುತ್ತದೆ. ಕೂತಿತು ಅನ್ನುವುದಕ್ಕೆ ಸಾಕ್ಷಿ ಮೇಷ್ಟ್ರ ಪಟ್ಟಿ: ಸಾಲಿನ ನಂಬರಿನ ಪಕ್ಕ ಪೆನ್ಸಿಲಿನ ಒಂದು ಟಿಕ್. ಟಿಕ್ ಬಿದ್ದ ಸಾಲನ್ನು ಯಾರೂ ಮತ್ತೆ ಹಾಕಿ ಕೇಳುವುದಿಲ್ಲ. ಇದು ಗೋಡೆಗೆ ಅಂಟಿಸಿದ ನಿಯಮವಲ್ಲ. ಕೇಳಿದರೆ ಮೇಷ್ಟ್ರ ಮೇಲೆ ನಂಬಿಕೆಯಿಲ್ಲ ಅಂದಂತೆ, ಅಷ್ಟೆ. ಹಿಂದೊಮ್ಮೆ ಒಬ್ಬ ಹಾಗೆ ಕೇಳಿದ್ದಕ್ಕೆ ಮೇಷ್ಟ್ರು ಎರಡು ವಾರ ಅವನ ಜೊತೆ ಕಾಫಿ ಕುಡಿದಿರಲಿಲ್ಲ.

ಇನ್ನೂರ ಹದಿನಾಲ್ಕನೆಯ ಸಾಲಿನ ಪಕ್ಕ ಟಿಕ್ ಇತ್ತು. ಹಾಕಿದವರು ಮೇಷ್ಟ್ರು. ಆ ಸಾಲನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಮೂರು ವಾರದ ಹಿಂದೆ, ಮಧ್ಯಾಹ್ನ, ನೂರ ತೊಂಬತ್ತನೆಯ ಸಾಲು ನಡೆಯುತ್ತಿದ್ದಾಗ ಜೇಬಿನ ಫೋನು ನಡುಗಿತ್ತು. ಭಾವ. “ಹೋಗಿಬಿಟ್ಲು ಕಣೋ,” ಅಂದರು. ಹೋದವಳು ಅಕ್ಕ. ಅಮ್ಮ ಇಲ್ಲದ ಮನೆಯಲ್ಲಿ ತಮ್ಮನ ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ ದೊಡ್ಡವನನ್ನಾಗಿ ಮಾಡಿದವಳು. “ಸರಿ ಭಾವ,” ಅಂದು ಮೇಷ್ಟ್ರು ಫೋನನ್ನು ಜೇಬಿಗಿಟ್ಟು, “ನೂರ ತೊಂಬತ್ತೊಂದು,” ಅಂದಿದ್ದರು. ಇನ್ನೂರ ಹದಿಮೂರಕ್ಕೆ ರೆಕಾರ್ಡಿಂಗ್ ಕೋಣೆಯ ಗಾಜಿನಾಚೆಯಿಂದ, ಸೇನಾನಿಗೆ ದನಿ ಕೊಡುತ್ತಿದ್ದ ಕಲಾವಿದ ದೊರೆ, ಗಂಟಲು ಕಟ್ಟಿತು, ಇವತ್ತಿಗೆ ಸಾಕು ಅಂತ ಕೈ ಆಡಿಸಿದರು. ಮೇಷ್ಟ್ರು ಪುಟದ ಕೊನೆಯವರೆಗೂ ಟಿಕ್ ಹಾಕಿ, ಪೆನ್ಸಿಲನ್ನು ಡಬ್ಬಿಯಲ್ಲಿಟ್ಟು, ಅಕ್ಕನ ಮನೆಗೆ ಹೋದರು. ಮಿಕ್ಕ ಸಾಲುಗಳನ್ನು ಬೇರೆಯವರು ಆಗಲೇ ಹೇಳಿ ಮುಗಿಸಿದ್ದರು. ನಡುವೆ ಆ ಒಂದು ಸಾಲು ಖಾಲಿ ಉಳಿಯಿತು.

ಅಕ್ಕನನ್ನು ಕಳಿಸಿಕೊಟ್ಟು ಮೂರನೆಯ ದಿನ ಕೆಲಸಕ್ಕೆ ಬಂದರು. ಅಳು ಬರಲಿಲ್ಲ. ಬರುತ್ತೆ ಬರುತ್ತೆ ಅಂತ ಎಲ್ಲರೂ ಹೇಳಿದ್ದರಿಂದ ಸ್ವಲ್ಪ ದಿನ ಕಾದರು ಕೂಡ.

ಚಾನೆಲ್ಲಿನವರಿಗೆ ಬೇಕಾಗಿದ್ದದ್ದು ಒಂದೇ ಸಂಜೆಯಲ್ಲಿ ಎರಡು ಸಿನಿಮಾ: ಜಪಾನಿನದೊಂದು, ಯುರೋಪಿನದೊಂದು, ಎರಡರಲ್ಲೂ ಕತ್ತಿ. ಮುಂಚೆ ಹತ್ತು ನಿಮಿಷದ ಮುನ್ನುಡಿ: ಆ ದೇಶದ ಯೋಧನ ಮಾನ ಯಾವುದು, ಈ ದೇಶದವನದು ಯಾವುದು. ಅದನ್ನು ಬರೆಯುವ ಕೆಲಸವೂ ಮೇಷ್ಟ್ರ ತಲೆಗೇ ಬಿದ್ದಿತ್ತು. “ಕೊನೇಲಿ ಇಬ್ಬರಲ್ಲಿ ಯಾರು ಗ್ರೇಟ್ ಅಂತ ಒಂದು ಸಾಲು ಹಾಕಿಬಿಡಿ ಸಾರ್,” ಅಂತ ಚಾನೆಲ್ಲಿನವನು ಬೇರೆ ಹೇಳಿದ್ದ, ಕುಸ್ತಿ ಪಂದ್ಯ ಅನ್ನುವ ಹಾಗೆ.

ಜಪಾನಿನ ಚಿತ್ರದಲ್ಲಿ ಒಂದು ಕೋಟೆ. ಒಂದು ರಾತ್ರಿ ಅದರ ಹಿಂಬಾಗಿಲಿಗೆ ಅಗುಳಿ ಬಿದ್ದಿರುವುದಿಲ್ಲ. ಶತ್ರು ಒಳಗೆ ಬರುತ್ತಾನೆ. ಅಗುಳಿ ಹಾಕದೆ ಪ್ರಣಯಕ್ಕೆ ಓಡಿದವನು ಒಡೆಯನ ತಮ್ಮ. ಕಾವಲಿನ ಮುದಿ ಸೇನಾನಿಗೆ ಅದು ಗೊತ್ತು. ಗೊತ್ತಿದ್ದೂ ಕೊನೆಗೆ, ಸಭೆಯ ಎದುರು ಹೊಟ್ಟೆ ಬಗೆದುಕೊಳ್ಳುವ ಮುಂಚೆ, ಬಾಗಿಲಿಗೆ ನಾನೇ ಹೊಣೆ ಅನ್ನುತ್ತಾನೆ. ಯುರೋಪಿನದರಲ್ಲಿ ಒಬ್ಬ ಕ್ಯಾಪ್ಟನ್ನು ಕುದುರೆ ಪಂದ್ಯದಲ್ಲಿ ಮೋಸ ಮಾಡಿ ಗೆದ್ದಿರುತ್ತಾನೆ. ಇನ್ನೊಬ್ಬ ಅದನ್ನು ನಾಲ್ಕು ಜನರ ಮುಂದೆ ಆಡಿಬಿಡುತ್ತಾನೆ. ಮಾತು ನಿಜ. ನಿಜವಾದ್ದರಿಂದಲೇ ಕ್ಯಾಪ್ಟನ್ನು ಕೈಗವಸು ಬಿಚ್ಚಿ ಅವನ ಮುಖಕ್ಕೆ ಎಸೆದು, ಮುಂಜಾನೆ ಮಂಜಿನಲ್ಲಿ, ಇಬ್ಬರು ಸಾಕ್ಷಿಗಳ ಎದುರು ಅವನನ್ನು ಇರಿದು ಕೊಂದು, ತಾನು ಮೋಸ ಮಾಡಿಲ್ಲ ಅಂತ ಸಾಬೀತು ಮಾಡುತ್ತಾನೆ.

ಮೇಷ್ಟ್ರು ಮುನ್ನುಡಿಯಲ್ಲಿ ಹೀಗೆ ಬರೆದಿದ್ದರು: “ಜಪಾನಿನ ಯೋಧ ಕ್ಷಮಿಸಿ ಎಂದು ಹೇಳುವುದಕ್ಕೆ ತನ್ನ ಹೊಟ್ಟೆ ಬಗೆದುಕೊಳ್ಳುತ್ತಾನೆ. ಯುರೋಪಿನವನು ಕ್ಷಮಿಸಿ ಎಂದು ಹೇಳದೆ ಇರುವುದಕ್ಕೆ ಇನ್ನೊಬ್ಬನ ಹೊಟ್ಟೆ ಬಗೆಯುತ್ತಾನೆ. ಅವನಿಗೆ ಒಡೆಯ ಒಬ್ಬನೇ, ಆ ಒಡೆಯ ಎಷ್ಟೇ ದಡ್ಡನಾಗಿರಲಿ. ಇವನಿಗೆ ದೇವರು, ರಾಜ, ಪ್ರೇಯಸಿ ಅಂತ ಮೂವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಅವನ ಸಿನಿಮಾದಲ್ಲಿ ಸಾವಿಗೆ ಮುಂಚೆ ಬಹಳ ಹೊತ್ತು ಮೌನ, ಇವನದರಲ್ಲಿ ಬಹಳ ಹೊತ್ತು ಮಾತು. ಎರಡರಲ್ಲೂ ಆಮೇಲೆ ಬಟ್ಟೆ ಮಡಿಸಿಡುವವಳು ಒಬ್ಬ ಹೆಂಗಸು.”

ಕೊನೆಯ ಸಾಲಿನ ಜಾಗ ಖಾಲಿಯಿತ್ತು.

ಪ್ರಿವ್ಯೂ ಆದ ಮಾರನೆಯ ದಿನ ಹತ್ತು ಗಂಟೆಗೆ ಸ್ಟುಡಿಯೋದ ಯಜಮಾನಿ ಮೇಷ್ಟ್ರು, ದೊರೆ, ಮಿಕ್ಸಿಂಗಿನವನು ಮೂವರನ್ನೂ ತಮ್ಮ ಕೋಣೆಗೆ ಕರೆಸಿದರು. ಎಲ್ಲರೂ ಮೇಡಂ ಅನ್ನುವ ಆಕೆಗೆ ಸಿಟ್ಟು ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ. ಅವತ್ತು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

“ಯಾರು?”

ಮಿಕ್ಸಿಂಗ್ ಮಾಡುವವನು ಎದ್ದು ನಿಂತ. ಎರಡು ಕೋಣೆಯಾಚೆ ಫ್ಯಾನಿನ ರೆಕ್ಕೆ ಕಿರುಗುಟ್ಟಿದರೂ ಕೇಳುತ್ತದೆ ಅಂತ ಅವನಿಗೆ ಕಿವಿ ಅನ್ನುವ ಹೆಸರು. “ನನ್ನ ಕಡೆ ನೋಡ್ಬೇಡಿ ಮೇಡಂ. ನೋಡೋದಾದ್ರೆ ನಾನು ಈಗ್ಲೇ ಹೊರಟೆ. ಹದಿನೈದು ವರ್ಷದಲ್ಲಿ ಒಂದು ಕೆಮ್ಮು, ಒಂದು ಸೀನು ಉಳಿಸಿದೀನಾ? ಪಟ್ಟೀಲಿ ಟಿಕ್ ಇತ್ತು. ಟಿಕ್ ಇದ್ದದ್ದನ್ನ ತಿರುಗಿ ಕೇಳೋ ಹಾಗಿಲ್ಲ. ಕೇಳಿದ್ರೆ ಇವ್ರಿಗೆ ಕಾಫಿ ಸೇರಲ್ಲ!” ಅಂದವನೇ ಕುತ್ತಿಗೆಯಲ್ಲಿದ್ದ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದ. ಅದು ಜಾರಿ ಮೇಷ್ಟ್ರ ಮುಂದೆ ಬಂದು ನಿಂತಿತು.

ಕೈಗವಸು, ಅಂದುಕೊಂಡರು ಮೇಷ್ಟ್ರು. ಇನ್ನು ಮಂಜು, ಸಾಕ್ಷಿಗಳು ಬಂದರೆ ಸರಿ.

“ಹೆಡ್‌ಫೋನು ಪಾಪ ಏನ್ಮಾಡ್ತಯ್ಯಾ,” ಅಂದರು ದೊರೆ. ಅವರು ಮೂವತ್ತೈದು ವರ್ಷದಿಂದ ರಾಜರಿಗೆ, ಸೇನಾಪತಿಗಳಿಗೆ, ಒಂದೆರಡು ಸಲ ದೇವರಿಗೂ ದನಿ ಕೊಟ್ಟವರು. ಆಳು ಮಾತ್ರ ಐದಡಿ ಎರಡಂಗುಲ, ಹೆಗಲಿಗೆ ಬಟ್ಟೆ ಚೀಲ. “ಆ ಸಾಲಿಗೆ ನಾನೇ ಹೊಣೆ ಮೇಡಂ. ‘ಎಲ್ಲಾ ಆಯ್ತಾ ದೊರೆ?’ ಅಂತ ಮೇಷ್ಟ್ರು ಕೇಳಿದ್ರು. ಆಯ್ತು ಅಂದೆ. ಮರೆವು. ವಯಸ್ಸಾಯ್ತು ನೋಡಿ.”

ಮೇಷ್ಟ್ರು ಹಾಗೆ ಕೇಳಿರಲಿಲ್ಲ. ದೊರೆ ಹಾಗೆ ಹೇಳಿರಲಿಲ್ಲ.

ಮೇಡಂ ದೊರೆಯನ್ನೇ ನೋಡಿದರು. ಎಳೆಯ ದನಿ ಬೇಕು ಅಂತ ಚಾನೆಲ್ಲುಗಳು ವರ್ಷದಿಂದ ಪೀಡಿಸುತ್ತಿದ್ದವು. ಹೇಗೆ ಹೇಳುವುದು ಅಂತ ಆಕೆ ಒದ್ದಾಡುತ್ತಿದ್ದರು. ಕಾದೂ ಕಾದೂ ಸಾಕಾಗಿದ್ದ ಬಸ್ಸು ತಾನಾಗಿಯೇ ಮನೆ ಮುಂದೆ ಬಂದು ನಿಂತ ಹಾಗಾಯಿತು.

“ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ದೊರೆ,” ಅಂದರು. “ಸೇನಾನಿ ಪಾತ್ರ ಪೂರ್ತಿ ಆ ರೇಡಿಯೋ ಹುಡುಗನ ಕೈಲಿ ಮತ್ತೆ ಮಾಡಿಸೋಣ. ಮುನ್ನುಡೀನೂ ಅವನೇ ಓದ್ಲಿ. ಗುರುವಾರ ಗೈಡ್ ಹಾಕ್ಕೊಡಿ ಮೇಷ್ಟ್ರೇ, ಶುಕ್ರವಾರದಿಂದ ಅವನು ಬರ್ತಾನೆ.”

ಆ ಸ್ಟುಡಿಯೋದಲ್ಲಿ ‘ಸ್ವಲ್ಪ ದಿನ ರೆಸ್ಟ್’ ತೆಗೆದುಕೊಂಡ ಯಾರೂ ವಾಪಸು ಬಂದದ್ದಿಲ್ಲ. ದೊರೆ ತಲೆಯಾಡಿಸಿದರು. ಮೇಷ್ಟ್ರು ಬಾಯಿ ತೆರೆದರು. ತುಟಿ ಅಗಲಿತು, ಮೂರು ಎಣಿಸುವಷ್ಟು ಹೊತ್ತು ಹಾಗೇ ಇತ್ತು, ಮುಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಮೇಷ್ಟ್ರ ಕೈ ಹೆಗಲಿಗೂ ಹೋಗಲಿಲ್ಲ. ಕಿಟಕಿಯ ಕುಂಡದಲ್ಲಿದ್ದ ಪ್ಲಾಸ್ಟಿಕ್ ಗಿಡಕ್ಕೆ ಯಾರೋ ನೀರು ಹಾಕಿದ್ದಾರೆ ಅನ್ನುವುದು ಮಾತ್ರ ಅವರಿಗೆ ಸ್ಪಷ್ಟವಾಗಿ ಕಂಡಿತು.

ಸಂಜೆ ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು, ಟಿಕ್ಕಿನ ಸಮೇತ. ಆಮೇಲೆ ಏನೂ ತೋಚದೆ ಮುನ್ನುಡಿಯನ್ನೂ ಓದಿದರು. ಆಕೆ ದಿಂಬಿನ ಚೀಲವೊಂದನ್ನು ಕೊಡವಿ ಕೇಳಿದಳು:

“ಎರಡು ದೇಶದಲ್ಲೂ ‘ಮರೆತೆ ಕಣ್ರೀ, ತಪ್ಪಾಯ್ತು’ ಅನ್ನೋ ಪದ್ಧತಿ ಇಲ್ವಾ?”

“ಇದ್ದಿದ್ರೆ ಸಿನಿಮಾ ಹತ್ತು ನಿಮಿಷಕ್ಕೆ ಮುಗಿದುಹೋಗ್ತಿತ್ತು.”

“ಮುಗೀಲಿ. ಮಿಕ್ಕ ಹೊತ್ತಲ್ಲಿ ಮನೇಲಿ ಏನಾದ್ರೂ ಕೆಲ್ಸ ಮಾಡ್ಕೋತಿದ್ರು ಪಾಪ.” ಇನ್ನೊಂದು ದಿಂಬಿನ ಚೀಲ ಕೈಗೆತ್ತಿಕೊಂಡಳು. “ಭಾವ ಫೋನ್ ಮಾಡಿದ್ರು. ಅಕ್ಕನ ಕನ್ನಡಕ ಏನ್ಮಾಡೋದು ಅಂತ ಕೇಳ್ತಿದ್ರು.”

“ಏನಾದ್ರೂ ಮಾಡ್ಲಿ.”

“ಹಾಗಂತ ನೀವೇ ಹೇಳಿ.” ಚೀಲವನ್ನು ಮಡಿಸಿಟ್ಟು, “ಆ ಮುದುಕಪ್ಪಂಗೂ ನೀವೇ ಹೇಳ್ಬೇಕು,” ಅಂದಳು.

ಬುಧವಾರ ಮಧ್ಯಾಹ್ನ ಮೇಷ್ಟ್ರು ದೊರೆಯ ಮನೆಗೆ ಹೋದರು. ಟೈಲರ್ ಅಂಗಡಿಯ ಮೇಲೆ ಎರಡು ಕೋಣೆ. ಕೆಳಗಿನ ಮಿಷನ್ನುಗಳ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು. ಬಾಗಿಲು ತೆರೆದದ್ದು ದೊರೆಯ ಹೆಂಡತಿ. ಆಕೆಗೆ ಮದುವೆಗೆ ಮುಂಚಿನಿಂದಲೂ ಕಿವಿ ಕೇಳದು. ಊರೆಲ್ಲ ನಡುಗಿದ ಆ ದನಿಗೆ ಆ ಮನೆಯಲ್ಲಿ ನಯಾಪೈಸೆ ಕಿಮ್ಮತ್ತಿರಲಿಲ್ಲ. ದೊರೆ ಆಕೆಗೆ ಕೈಸನ್ನೆಯಲ್ಲಿ ಕಾಫಿ ಹೇಳಿದರು. ಆಕೆ ಕೈಸನ್ನೆಯಲ್ಲೇ ನೀವೇ ಮಾಡಿಕೊಳ್ಳಿ ಅಂದಳು. ದೊರೆ ಎದ್ದು ಮಾಡಿದರು.

“ಯಾಕೆ ಹಾಗೆ ಹೇಳಿದ್ರಿ?” ಅಂದರು ಮೇಷ್ಟ್ರು.

“ಏನು ಹೇಳ್ದೆ?”

“ಗೊತ್ತಿಲ್ಲದವರ ಹಾಗೆ ಆಡ್ಬೇಡಿ ದೊರೆ. ಟಿಕ್ ನಂದು.”

ದೊರೆ ಲೋಟವನ್ನು ಅವರ ಮುಂದಿಟ್ಟರು. “ಅವತ್ತು ನನ್ನ ಗಂಟಲಿಗೆ ಏನೂ ಆಗಿರ್ಲಿಲ್ಲ ಕಣಯ್ಯಾ. ಗಾಜಿನಾಚೆ ನೀನು ಫೋನ್ ಕಿವಿಗಿಟ್ಟೆ, ತೆಗೆದೆ. ಆಮೇಲೆ ಇಪ್ಪತ್ತಮೂರು ಸಾಲು ಮಾಡಿಸಿದೆ. ಒಂದರಲ್ಲೂ ನನ್ನ ತಪ್ಪು ಹಿಡೀಲಿಲ್ಲ. ನಾನು ಬೇಕಂತಲೇ ಎರಡು ಕಡೆ ತಪ್ಪು ಹೇಳಿದೆ, ಆಗ್ಲೂ ಇಲ್ಲ! ಏನೋ ಆಗಿದೆ ಮನುಷ್ಯನಿಗೆ, ಮನೆಗೆ ಹೋಗ್ಲಿ ಅಂತ ಗಂಟಲು ಹಿಡ್ಕೊಂಡೆ. ಮಾರನೇ ದಿನ ಬಂದು ಆ ಸಾಲು ಹೇಳಿ ಹೋಗ್ಬೇಕಿತ್ತು. ನೀನಿರ್ಲಿಲ್ಲ, ನಾನೂ ಮರೆತೆ. ಅಲ್ಲಿಗೆ ತಪ್ಪಲ್ಲಿ ನಂಗೂ ಪಾಲಿದೆ.”

“ಪಾಲು ಇರ್ಬಹುದು. ಪೂರ್ತಿ ಅಲ್ವಲ್ಲ.”

“ಅರ್ಧ ಅಪರಾಧಕ್ಕೆ ಅರ್ಧ ಹೊಟ್ಟೆ ಬಗ್ಕೋತಾರೇನಯ್ಯಾ?” ದೊರೆ ನಕ್ಕರು. “ನೀನು ಬರೆದಿರೋ ಆ ಸೇನಾನಿನ ಒಂದು ತಿಂಗಳು ಬಾಯಲ್ಲಿಟ್ಕೊಂಡಿದ್ದೆ. ಮೇಡಂ ‘ಯಾರು’ ಅಂದ ತಕ್ಷಣ ಅವನೇ ಎದ್ದು ಮಾತಾಡಿಬಿಟ್ಟ. ಚೆನ್ನಾಗೂ ಇತ್ತು, ಅಲ್ವಾ? ಮೆಲ್ಲಗೆ ಹೇಳಿದೆ. ಕೂಗೋ ಸಾಲಲ್ಲ ಅದು.” ಆಮೇಲೆ ನಗು ಇಳಿಯಿತು. “ಮನೇಲಿ ಎರಡು ದಿನ ಆಯ್ತು. ಇಲ್ಲಿ ಮಾತಾಡೋಕೆ ಯಾರೂ ಇಲ್ಲ ಕಣೋ. ಇವಳಿಗಂತೂ ಸನ್ನೆ ಸಾಕು.”

ಮೇಷ್ಟ್ರು ಕಾಫಿ ಕುಡಿದರು. ಸಕ್ಕರೆ ಹಾಕಿರಲಿಲ್ಲ, ಅಥವಾ ಹಾಕಿತ್ತು, ಗೊತ್ತಾಗಲಿಲ್ಲ. ಮೆಟ್ಟಿಲಿಳಿಯುವಾಗ ಅವರಿಗೆ ಒಂದು ಲೆಕ್ಕ ಮಾತ್ರ ತಿಳಿಯಾಗಿತ್ತು. ಆ ಸಿನಿಮಾದಲ್ಲಿ ಸೇನಾನಿ ಯಾರು ಅಂತ ಎಲ್ಲರಿಗೂ ಗೊತ್ತು. ಅಗುಳಿ ಮರೆತ ಒಡೆಯನ ತಮ್ಮ ಯಾರು ಅಂತ ಕೊನೆಯವರೆಗೂ ಯಾರೂ ಕೇಳುವುದಿಲ್ಲ. ಅವನು ಕೊನೆಯ ದೃಶ್ಯದಲ್ಲೂ ಇರುತ್ತಾನೆ. ಎರಡನೆಯ ಸಾಲಿನಲ್ಲಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ಸುಮ್ಮನೆ ಕೂತಿರುತ್ತಾನೆ. ಅವನಿಗೆ ಇಡೀ ಚಿತ್ರದಲ್ಲಿ ಇರುವುದು ನಾಲ್ಕೇ ಸಾಲು.

ಗುರುವಾರ ಹನ್ನೊಂದಕ್ಕೆ ಮೇಷ್ಟ್ರು ಮೈಕಿನ ಮುಂದೆ ಕೂತರು. ಗಾಜಿನಾಚೆ ಕಿವಿ, ಅವನ ಹಿಂದಿನ ಸೋಫಾದಲ್ಲಿ ಮೇಡಂ ಫೋನು ನೋಡುತ್ತಾ. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಸೇನಾನಿ ಮತ್ತೆ ಬಿಳಿ ಬಟ್ಟೆ ಉಟ್ಟು ಬಂದು ಕೂತ.

“ಮೂರು ಎಣಿಸಿ,” ಅಂದರು ಮೇಷ್ಟ್ರು. “ತುಟಿ ಮುಚ್ಚಿದೆ. ಈಗ. ಬಾಗಿಲಿಗೆ ನಾನೇ ಹೊಣೆ.” ನಿಲ್ಲಿಸಲಿಲ್ಲ. “ಇನ್ನೂರ ಹದಿನಾಲ್ಕರ ಟಿಕ್ ನಾನು ಹಾಕಿದ್ದು. ದೊರೆಯನ್ನ ನಾನು ಕೇಳಿರಲಿಲ್ಲ, ಅವರು ಆಯ್ತು ಅಂದಿರಲಿಲ್ಲ. ನೂರ ತೊಂಬತ್ತರಲ್ಲಿ ಫೋನ್ ಬಂತು. ನಮ್ಮಕ್ಕ ತೀರಿಕೊಂಡಿದ್ದಳು. ಅಲ್ಲಿಂದಾಚೆ ನಾನು ಏನೂ ಕೇಳಿಸಿಕೊಂಡಿಲ್ಲ. ಪುಟದ ಕೊನೆವರೆಗೂ ಟಿಕ್ ಹಾಕಿದೆ.”

ಪರದೆಯ ಮೇಲೆ ಸೇನಾನಿ ಸತ್ತು ಆಗಲೇ ಬಹಳ ಹೊತ್ತಾಗಿತ್ತು. ಕಿವಿ ಗುಂಡಿ ಒತ್ತಿ ಹೇಳಿದ: “ಹದಿನಾರು ಸೆಕೆಂಡ್ ಜಾಸ್ತಿ ಆಯ್ತು ಸಾರ್. ಇನ್ನೊಂದ್ಸಲ.”

ಮೇಷ್ಟ್ರು ಗಾಜಿನಾಚೆ ನೋಡಿದರು. ಕಿವಿಯ ಕಣ್ಣು ಗಡಿಯಾರದ ಮೇಲಿತ್ತು. ಮೇಡಂ ಫೋನಿನಲ್ಲಿ ಏನೋ ಒತ್ತುತ್ತಿದ್ದರು. ಯಾರ ತಪ್ಪೂ ಅಲ್ಲ. ಇಷ್ಟು ವರ್ಷ ಮೇಷ್ಟ್ರು ಗೈಡ್ ಹೇಳಿದ್ದು, ಗಾಜಿನಾಚೆಯವರು ಅಳತೆ ನೋಡಿದ್ದು. ಗೈಡಿಗೆ ಅರ್ಥ ಇರುತ್ತದೆ ಅಂತ ಯಾರು ಕಂಡರು? ಎದ್ದು ಆಚೆ ಹೋಗಿ ಮೇಜು ಕುಟ್ಟಿ ಹೇಳಬಹುದಿತ್ತು. ಹಾಗೆ ಹೇಳುವ ದನಿ ಅವರ ಬಳಿ ಇರಲಿಲ್ಲ. ಇದ್ದದ್ದು ಇದೊಂದೇ.

“ಇನ್ನೊಂದ್ಸಲ,” ಅಂದರು ಮೇಷ್ಟ್ರು. “ಕಿವಿ, ಈ ಸಲ ಅಳತೆ ನೋಡ್ಬೇಡಪ್ಪ. ಕೇಳು.”

ಅದೇ ಮಾತುಗಳನ್ನು, ಅದೇ ಚಪ್ಪಟೆ ದನಿಯಲ್ಲಿ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಹೇಳಿದರು.

ಕಿವಿ ಹೆಡ್‌ಫೋನ್ ತೆಗೆದು, ಈ ಸಲ ಎರಡೂ ಕೈಯಲ್ಲಿ, ಮೇಜಿನ ಮೇಲಿಟ್ಟ. “ಮೇಡಂ,” ಅಂದ. “ಇದನ್ನ ನೀವು ಕೇಳ್ಬೇಕು.” ದೊಡ್ಡ ಸ್ಪೀಕರಿನಲ್ಲಿ ತಿರುಗಿ ಹಾಕಿದ.

ಮೇಷ್ಟ್ರೂ ಕೂತಲ್ಲಿಂದಲೇ ಕೇಳಿದರು. ನಮ್ಮಕ್ಕ ತೀರಿಕೊಂಡಿದ್ದಳು, ಅಂತ ಯಾರೋ ಬಸ್ಸಿನ ವೇಳಾಪಟ್ಟಿ ಓದುತ್ತಿದ್ದರು. ಈಗ ಏನಾದರೂ ಆಗುತ್ತದೆ ಅಂತ ಕಾದರು. ಮೂಗು ಸ್ವಲ್ಪ ತುರಿಸಿತು, ಅಷ್ಟೆ.

ಮೇಡಂ ದನಿ ಕೇಳಿಸಲಾರದಷ್ಟು ಇಳಿದಿತ್ತು. “ಇದನ್ನ ಮಂಗಳವಾರ ಹೇಳೋಕೆ ಏನಾಗಿತ್ತು?”

“ಗೊತ್ತಿಲ್ಲ ಮೇಡಂ.”

“ಚಾನೆಲ್ಲಿಗೆ ನಾನೇನು ಹೇಳ್ಲಿ? ಅವರಿಗೆ ಎಳೇ ದನಿ ಬೇಕು.”

“ಸೇನಾನಿಗೆ ಎಪ್ಪತ್ತು ವರ್ಷ ಮೇಡಂ,” ಅಂದ ಕಿವಿ, ಯಾರೂ ಕೇಳದಿದ್ದರೂ.

ಮೇಡಂ ಎದ್ದರು. ಬಾಗಿಲ ಹತ್ತಿರ ನಿಂತು, “ಆ ರೇಡಿಯೋ ಹುಡುಗನಿಗೆ ಬರ್ಬೇಡ ಅಂತ ಹೇಳಿ. ದೊರೆಯವರನ್ನ ನಾಳೆ ಹತ್ತಕ್ಕೆ ಕರೀರಿ. ಸಿನಿಮಾದ ಕೊನೇಲಿ ನಿಮ್ಮ ಹೆಸರು ಬರೋದು ಬೇಡ ಮೇಷ್ಟ್ರೇ, ಎರಡರಲ್ಲೂ. ಮಿಕ್ಕಿದ್ದು ಆಮೇಲೆ ಮಾತಾಡೋಣ,” ಅಂದರು.

ಸಾಕ್ಷಿಗಳಿಲ್ಲ, ಮಂಜಿಲ್ಲ, ಬಿಳಿ ಬಟ್ಟೆಯಿಲ್ಲ. ಮಧ್ಯಾಹ್ನ ಮೇಷ್ಟ್ರು ಮುನ್ನುಡಿಯ ಕೊನೆಯ ಖಾಲಿ ಜಾಗವನ್ನು ಒಂದು ಗಂಟೆ ನೋಡಿದರು. ಗ್ರೇಟ್ ಯಾರು ಅಂತ ಹೊಳೆಯಲಿಲ್ಲ. “ಎರಡು ಚಿತ್ರಗಳಲ್ಲೂ ತಪ್ಪು ಮಾಡಿದವನು ಬದುಕಿ ಉಳಿಯುತ್ತಾನೆ, ಅವನನ್ನು ಸ್ವಲ್ಪ ಗಮನಿಸಿ,” ಎಂದು ಬರೆದು ಮುಚ್ಚಿದರು. ಸಂಜೆ ಭಾವನಿಗೆ ಫೋನ್ ಮಾಡಿ, ಕನ್ನಡಕ ತಾನು ಬಂದು ತೆಗೆದುಕೊಂಡು ಹೋಗುವುದಾಗಿ ಹೇಳಿದರು.

ಶುಕ್ರವಾರ ಹತ್ತಕ್ಕೆ ಐದು ನಿಮಿಷವಿರುವಾಗಲೇ ದೊರೆ ಬಟ್ಟೆ ಚೀಲದೊಡನೆ ಬಂದರು. ಮೇಷ್ಟ್ರನ್ನು ನೋಡಿ, “ಸತ್ತವನನ್ನ ಎಬ್ಬಿಸಿದ್ಯಲ್ಲಯ್ಯಾ, ಮತ್ತೆ ಸಾಯ್ಬೇಕು ಈಗ,” ಅಂದು ಗಾಜಿನಾಚೆ ಹೋದರು. ಹೆಡ್‌ಫೋನಿನಲ್ಲಿ ಮೇಷ್ಟ್ರ ಗೈಡು ಮೂರು ಎಣಿಸಿತು. ದೊರೆ ಒಂದೇ ಸಲಕ್ಕೆ ಹೇಳಿದರು, ಮೆಲ್ಲಗೆ. ಕಿವಿ ಹೆಬ್ಬೆರಳು ಎತ್ತಿದ.

ಮೇಷ್ಟ್ರು ರಬ್ಬರಿನಿಂದ ಹಳೆಯ ಟಿಕ್ ಅಳಿಸಿದರು. ಪೆನ್ಸಿಲ್ ಹಿಡಿದರು. ಹಾಕಲಿಲ್ಲ.

“ತಿರುಗಿ ಹಾಕು, ಕೇಳೋಣ,” ಅಂದರು.

ಕಿವಿ ತಿರುಗಿ ನೋಡಿದ. ಗಾಜಿನಾಚೆ ದೊರೆಯ ಹುಬ್ಬು ಮೇಲೇರಿತು. “ಏನಯ್ಯಾ, ನಂಬಿಕೆ ಇಲ್ವೇನೋ ನನ್ನ ಮೇಲೆ?”

“ನಿಮ್ಮ ಮೇಲಲ್ಲ ದೊರೆ.”

ಕಿವಿ ಆ ಸಾಲನ್ನು ಹಿಂದಕ್ಕೆ ತಿರುಗಿಸಿ ಹಾಕಿದ. ಮೂವರೂ ತಲೆ ತಗ್ಗಿಸಿ ಕೇಳಿದರು. ಗೈಡ್ ಅಳಿದಿತ್ತು. ದೊರೆಯ ದನಿಯೊಂದೇ ಇತ್ತು, ಕೊನೆಯಲ್ಲಿ ಅರ್ಧ ಸೆಕೆಂಡ್ ಎಳೆದಿತ್ತು. ಮೇಷ್ಟ್ರು ಟಿಕ್ ಹಾಕಿ, “ಇನ್ನೂರ ಹದಿನಾಲ್ಕು ಆಯ್ತು,” ಅಂದರು.